ಹಸಿರು ಸ್ಟ್ರಾದ ಗ್ಲಾಸು

ತಂಗಿ ಆ ಗ್ಲಾಸನ್ನು ನೀರಿಗೆ ಮುಳುಗಿಸಲಿಲ್ಲ. ಮೂಗಿನ ಹತ್ತಿರ ಹಿಡಿದು ಇನ್ನೊಮ್ಮೆ ಮೂಸಿದಳು. ಅಂಚಿನಲ್ಲಿ ಅಕ್ಕನ ತುಟಿಯ ಬಣ್ಣವಿತ್ತು, ಒಳಗೆ ಹಸಿರು ಸ್ಟ್ರಾ ಇತ್ತು. ತಳದಲ್ಲಿ ಕರಗುತ್ತಿದ್ದ ಐಸಿನ ಚೂರಿನ ಜೊತೆ ಒಂದು ಗುಟುಕು ಉಳಿದಿತ್ತು. ಅದು ಚಹಾ ಅಲ್ಲ. ಅಪ್ಪಟ ವಿಸ್ಕಿ. ನಿನ್ನೆಯೂ ಹೀಗೇ ಇತ್ತು, ಮೊನ್ನೆಯೂ.

ಬಾರಿನಲ್ಲಿ ಅಕ್ಕ ಹಾಡುವವಳು, ಇವಳು ಗ್ಲಾಸು ತೊಳೆಯುವವಳು. ಹಾಡುವವಳ ತಂಗಿಯೆಂದು ಅಲ್ಲಿನ ಎಲ್ಲರಿಗೂ ಇವಳು ತಂಗಿಯೇ. ಮೊಮ್ಮಗಳ ವಯಸ್ಸಿನವಳನ್ನು ಅಡುಗೆಯ ಮುದುಕ ಕೂಡ ತಂಗಿ ಎಂದೇ ಕೂಗುತ್ತಿದ್ದ. ಕರೆದರೆ ತಲೆ ಎತ್ತುತ್ತಿದ್ದಳು, ಮಾತಾಡುತ್ತಿರಲಿಲ್ಲ. "ಇವಳ ಬಾಯಲ್ಲಿ ಒಂದು ಮಾತು ಹೊರಡೋದ್ರೊಳಗೆ ಸಮುದ್ರ ಬತ್ತಿಹೋಗುತ್ತೆ" ಎಂದು ಅವನು ನಗುತ್ತಿದ್ದ.

ಆ ಬಾರಿನಲ್ಲಿ ಒಂದು ಪದ್ಧತಿ ಇತ್ತು. ಹಾಡಿನ ನಡುವೆ ಬಿಡುವಾದಾಗ ಹಾಡುವವಳು ಗಿರಾಕಿಗಳ ಮೇಜಿನಲ್ಲಿ ಕೂರಬೇಕು. ಅವರು ಅವಳಿಗೂ ಒಂದು ವಿಸ್ಕಿ ಹೇಳುತ್ತಾರೆ. ಬರುವುದು ಮಾತ್ರ ಹಸಿರು ಸ್ಟ್ರಾ ಹಾಕಿದ, ಆರಿದ ಕಪ್ಪು ಚಹಾ. ಕೆಲಸದವರು ಅದಕ್ಕೆ ಕಷಾಯ ಎನ್ನುತ್ತಿದ್ದರು. ಗಿರಾಕಿಗಳ ಕಣ್ಣಿಗೆ ಬೀಳದಿರಲೆಂದು ಅದನ್ನು ಕೌಂಟರಿನ ಕೆಳಗೆ, ತೊಳೆಯುವ ಕೋಣೆಯ ಕಿಂಡಿಯ ಪಕ್ಕದಲ್ಲೇ ತುಂಬಿಸಿಡುವುದು ರೂಢಿ. ತುಂಬಿಸುವವನು ಉದ್ದಣ್ಣ. ಕೌಂಟರಿನ ಹಿಂದೆ ನಿಂತರೆ ಮೇಲೆ ನೇತುಹಾಕಿದ ಗ್ಲಾಸುಗಳಿಗೆ ತಲೆ ತಾಗುವಷ್ಟು ಎತ್ತರದ ಆಳು. ಇಷ್ಟು ವರ್ಷ ಅಕ್ಕ ಎಂಥೆಂಥವರ ಜೊತೆ ಕೂತು, ಎಷ್ಟೆಷ್ಟು ಗ್ಲಾಸು ಖಾಲಿ ಮಾಡಿಯೂ ಹೋದ ಹಾಗೆಯೇ ನೆಟ್ಟಗೆ ಮನೆಗೆ ಬರುತ್ತಿದ್ದಳು. ಈ ಸೀಸನ್ನಿನಲ್ಲಿ ಹಾಗಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ಬಚ್ಚಲಿಗೆ ಓಡುತ್ತಿದ್ದಳು. ಕೇಳಿದರೆ "ಪಿತ್ತ ಕಣೇ" ಎನ್ನುತ್ತಿದ್ದಳು. ಮುಖ ಊದಿರುತ್ತಿತ್ತು. ಮೊನ್ನೆ ಕಾಫಿ ಲೋಟ ಹಿಡಿದ ಅವಳ ಕೈ ನಡುಗಿದ್ದನ್ನು ತಂಗಿ ನೋಡಿದಳು. ನೋಡಿದ್ದನ್ನು ಅಕ್ಕನೂ ನೋಡಿದಳು. ಲೋಟವನ್ನು ಕೆಳಗಿಟ್ಟುಬಿಟ್ಟಳು.

ಹಾಲ್‌ಗಿಂತ ತೊಳೆಯುವ ಕೋಣೆ ತಗ್ಗಿನಲ್ಲಿತ್ತು. ಕಿಂಡಿಯಿಂದ ಕೌಂಟರಿನ ಅಂಚು ದಾಟಿ ನೋಡಿದರೆ ಕಾಣುವುದು ಕಾಲುಗಳು ಮಾತ್ರ. ಊರಿಗೆ ಮೋಜಿಗೆ ಬಂದವರನ್ನೆಲ್ಲ ಅವಳು ಚಪ್ಪಲಿಯಿಂದಲೇ ಗುರುತಿಸುತ್ತಿದ್ದಳು. ಮರಳು ಮೆತ್ತಿದವು, ಹೊಸದಾಗಿ ಕೊಂಡು ಹಿಮ್ಮಡಿ ಕಚ್ಚುವವು, ಮೇಜಿನ ಕೆಳಗೆ ಒಂದನ್ನೊಂದು ಹುಡುಕುವವು. ಒಂದು ತಿಂಗಳಿಂದ ದಿನವೂ ಬರುತ್ತಿದ್ದವು ಒಂದು ಜೊತೆ ಬಿಳಿ ಬೂಟು. ಅಕ್ಕನ ಕಾಲು ಈಗೀಗ ಆ ಬೂಟಿನ ಪಕ್ಕವೇ ಇರುತ್ತಿತ್ತು.

ಬಹಳ ಹೊತ್ತು ಮಾತು ಜೋಡಿಸಿಕೊಂಡು ತಂಗಿ ಕಿಂಡಿಯಲ್ಲಿ ಮುಖ ತೂರಿಸಿದಳು.

"ಉದ್ದಣ್ಣ... ಅಕ್ಕನ ಗ್ಲಾಸಿಗೆ ಏನು ಹಾಕ್ತಾ ಇದೀಯ?"

"ಕಷಾಯ."

"ಕಷಾಯ ಅಲ್ಲ."

ಉದ್ದಣ್ಣ ಬಗ್ಗಿದ. ಅವನು ಬಗ್ಗಿದರೆ ಕಿಂಡಿಯ ಬೆಳಕೆಲ್ಲ ಮುಚ್ಚಿಹೋಗುತ್ತಿತ್ತು. "ನಿನ್ನ ಕೆಲಸ ತೊಳೆಯೋದು, ಮೂಸೋದಲ್ಲ" ಎಂದ. ಆಮೇಲೆ ಅದೇನನ್ನಿಸಿತೋ, ದನಿ ತಗ್ಗಿಸಿ, "ಕೆಲವು ಗೊತ್ತಿಲ್ಲದೆ ಇದ್ರೇ ಒಳ್ಳೇದು ತಂಗಿ" ಎಂದು ಎದ್ದುಹೋದ.

ಅವಳಿಗೆ ಎರಡೇ ಕಾರಣ ಹೊಳೆದವು. ಒಂದೋ ಉದ್ದಣ್ಣ ಅಕ್ಕನಿಗೆ ಮೋಸ ಮಾಡುತ್ತಿದ್ದಾನೆ, ಇಲ್ಲವೇ ಅಕ್ಕನೇ ಕೇಳಿ ಹಾಕಿಸಿಕೊಳ್ಳುತ್ತಿದ್ದಾಳೆ. ಎರಡರಲ್ಲಿ ಯಾವುದೇ ಆಗಿದ್ದರೂ ಔಷಧಿ ಒಂದೇ ಅನ್ನಿಸಿತು.

ಮರುದಿನ ಮಧ್ಯಾಹ್ನ ಬೇಗ ಬಂದು, ಅಡುಗೆಯವನ ಒಲೆಯ ಮೂಲೆಯಲ್ಲಿ ಚಹಾ ಕುದಿಸಿದಳು. ಮೊದಲನೆಯದು ತೀರ ಕಪ್ಪಾಯಿತು. ನೀರು ಬೆರೆಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ವಿಸ್ಕಿಯ ಗ್ಲಾಸಿನ ಪಕ್ಕ ಕಿಟಕಿಯ ಬೆಳಕಿಗೆ ಹಿಡಿದಳು. ಬಣ್ಣ ಒಂದೇ ಆಯಿತು.

"ಯಾರಿಗೇ ಅಷ್ಟು ಚಹಾ? ನೆಂಟರು ಬರ್ತಾರಾ?" ಎಂದ ಮುದುಕ.

"ನಂಗೇ" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದೆ ಕಿವಿ ಬಿಸಿಯಾಯಿತು.

ಸಂಜೆ ಹಾಲ್‌ನಲ್ಲಿ ಇನ್ನೂ ಬಿಸಿಲಿತ್ತು. ಬಿಳಿ ಬೂಟು ಬಂದು ಕೂತಿತು. ಅಕ್ಕ ಎರಡು ಹಾಡು ಮುಗಿಸಿ ಅಲ್ಲಿಗೆ ಹೋದಳು. ಉದ್ದಣ್ಣ ಹಸಿರು ಸ್ಟ್ರಾದ ಗ್ಲಾಸು ತುಂಬಿಸಿ ಕಿಂಡಿಯ ಪಕ್ಕ ಇಟ್ಟು, ಯಾರೋ ಕರೆದರೆಂದು ಆ ತುದಿಗೆ ಹೋದ. ತಂಗಿ ಕೈ ಚಾಚಿದಳು. ವಿಸ್ಕಿ ತೊಟ್ಟಿಗೆ ಹೋಯಿತು, ಸ್ಟ್ರಾ ಚಹಾದ ಗ್ಲಾಸಿಗೆ ಬಂತು. ಒಂದು ಬಗೆಯ ಹಿಗ್ಗಾಯಿತು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದಿನ ಬೇಕಾಯಿತಲ್ಲ ಎಂದುಕೊಂಡಳು.

ಕಿಂಡಿಯಿಂದ ಕಾಲು ಕಾಣುತ್ತಿತ್ತೇ ಹೊರತು ಕೈ ಕಾಣುತ್ತಿರಲಿಲ್ಲ. ಅಕ್ಕನ ಗ್ಲಾಸಿನ ಮೊದಲ ಗುಟುಕನ್ನು ದಿನವೂ ಬಿಳಿ ಬೂಟಿನವನೇ ಕುಡಿದು ನೋಡಿ ಆಮೇಲೆ ಅವಳ ಕೈಗೆ ಕೊಡುತ್ತಾನೆ ಎಂಬುದು ತಂಗಿಗೆ ಗೊತ್ತಿರಲಿಲ್ಲ.

ಬಿಳಿ ಬೂಟು ಎದ್ದು ನಿಂತಿತು. ಅದರ ಪಕ್ಕ ನೆಲಕ್ಕೆ ಕಂದು ಬಣ್ಣದ ನೀರು ಸಣ್ಣ ಧಾರೆಯಾಗಿ ಸುರಿಯಿತು. ಆತುರವಿಲ್ಲದೆ, ಗಿಡಕ್ಕೆ ಹುಯ್ದ ಹಾಗೆ.

"ಮತ್ತೆ ಚಹಾ" ಎಂದ ಒಂದು ಗಂಡಸಿನ ದನಿ. "ನಾನೇನು ನೆಗಡಿ ಆದವನ ಹಾಗೆ ಕಾಣ್ತೀನಾ?"

ಬಾರಿನ ಯಜಮಾನ್ತಿಯ ಹಿಮ್ಮಡಿ ಟಕಟಕ ಎಂದು ಬಂತು. "ತಪ್ಪಾಯ್ತು ಸಾರ್, ಕೂತ್ಕೊಳ್ಳಿ. ಈಗ ನಿಮ್ಮೆದುರಿಗೇ ಕುಡೀತಾಳೆ. ಉದ್ದಣ್ಣ, ದೊಡ್ಡ ಗ್ಲಾಸು ತುಂಬಿಸು. ಐಸು ಬೇಡ."

"ಕೊಡಿ, ಕುಡೀತೀನಿ" ಎಂದಳು ಅಕ್ಕ. ತಂಗಿ ಆ ದನಿ ಎಂದೂ ಕೇಳಿರಲಿಲ್ಲ. ಬೈಗುಳ ತಿಂದು ತಿಂದು ಅಳು ಮರೆತ ಮಗುವಿನ ದನಿಯ ಹಾಗಿತ್ತು.

ಮೆಟ್ಟಿಲು ಹತ್ತಿದ್ದು ಯಾವಾಗ, ಹಾಲ್‌ಗೆ ಬಂದಿದ್ದು ಯಾವಾಗ ಎಂದು ಆಮೇಲೆ ಎಷ್ಟು ಯೋಚಿಸಿದರೂ ತಂಗಿಗೆ ನೆನಪಾಗಲಿಲ್ಲ. ಒದ್ದೆ ಏಪ್ರನ್ನಿನಲ್ಲಿ, ಸೋಪಿನ ಕೈಯಲ್ಲಿ, ಎಲ್ಲರ ನಡುವೆ ನಿಂತಿದ್ದಳು.

"ಚಹಾ ಹಾಕಿದ್ದು ನಾನು" ಎಂದಳು. ಯಾರಿಗೂ ಕೇಳಿಸಲಿಲ್ಲ. "ನಾನು ಹಾಕಿದ್ದು!" ಎಂದು ಕೂಗಿದಳು.

ಬಿಳಿ ಬೂಟಿನವನ ಮುಖವನ್ನು ಅವಳು ನೋಡಿದ್ದು ಆಗಲೇ. ರಾಕ್ಷಸನ ಹಾಗೇನೂ ಇರಲಿಲ್ಲ. ಶಾಲೆಯ ಮೇಷ್ಟ್ರೊಬ್ಬರ ಮುಖದ ಹಾಗೆ, ಸ್ವಲ್ಪ ದಣಿದು, ಮೆತ್ತಗಿತ್ತು. ಅಕ್ಕ "ಹೋಗೇ ಒಳಗೆ!" ಎಂದು ಮುಂದೆ ಬರುವಷ್ಟರಲ್ಲಿ ತಂಗಿ ಉದ್ದಣ್ಣನ ಕೈಯಿಂದ ಗ್ಲಾಸು ಕಿತ್ತುಕೊಂಡು ಬಾಯಿಗೆ ಸುರಿದುಕೊಂಡಳು. ಗಂಟಲಿಗೆ ಬೆಂಕಿ ಬಿತ್ತು. ಅರ್ಧ ಒಳಗೆ ಹೋಯಿತು, ಅರ್ಧ ಮೂಗಿಗೆ ಬಂತು. ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಯಿತು.

ಯಾರೋ ಚಪ್ಪಾಳೆ ತಟ್ಟಿದರು. ಬಿಳಿ ಬೂಟಿನವನು ಮೊದಲ ಸಲ ಮನಸಾರೆ ನಕ್ಕ. "ಇವಳನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?"

ಯಜಮಾನ್ತಿಯೂ ನಕ್ಕಳು. ತಂಗಿಯ ಹಣೆಯ ಮೇಲೆ ಬಿದ್ದ ಒದ್ದೆ ಕೂದಲನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಹೊಸದಾಗಿ ನೋಡುವವಳ ಹಾಗೆ ನೋಡಿದಳು. "ಏಪ್ರನ್ ಬಿಚ್ಚು ತಂಗಿ. ಒಂದು ಗಳಿಗೆ ಕೂತ್ಕೋ."

"ಕೂತ್ರೆ ಇಲ್ಲೇ ವಾಂತಿ ಮಾಡ್ತಾಳೆ" ಎಂದಳು ಅಕ್ಕ, ಅವಳ ರಟ್ಟೆ ಹಿಡಿದು. "ನಿಮ್ಮ ಬಾರು, ನಿಮ್ಮಿಷ್ಟ."

ಹಿತ್ತಿಲ ಮೆಟ್ಟಿಲ ಮೇಲೆ ತಂಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು. ಅಕ್ಕ ಅವಳ ಜಡೆಯನ್ನು ಎತ್ತಿ ಹಿಡಿದುಕೊಂಡು, ಒಂದು ಕೈಯಲ್ಲಿ ಬೆನ್ನು ನೀವುತ್ತಿದ್ದಳು. ಖಾಲಿ ಬಾಟಲಿಯ ಪೆಟ್ಟಿಗೆಗಳ ಆಚೆ ಕಡಲತೀರದ ದಾರಿಯಲ್ಲಿ ಜನ ಹೋಗುತ್ತಿದ್ದರು, ಬರುತ್ತಿದ್ದರು.

"ಯಾರು ಹೇಳಿದ್ರೇ ನಿಂಗೆ ಈ ಬುದ್ಧಿವಂತಿಕೆ ಮಾಡೋಕೆ?"

"ನಿನ್ನ ಕೈ ನಡುಗ್ತಾ ಇತ್ತು."

ಅಕ್ಕ ಸೆರಗಿನಿಂದ ಅವಳ ಬಾಯಿ ಒರೆಸಿದಳು.

"ಹೋದ ತಿಂಗಳು ಅವನು ನನ್ನ ಗ್ಲಾಸು ಕಸಿದು ಕುಡಿದುಬಿಟ್ಟ. ಚಹಾ ಅಂತ ಗೊತ್ತಾಯ್ತು. ರಂಪ ಮಾಡ್ದ. ಇವಳಿಗೆ ಇನ್ನು ನಿಜವಾದ್ದನ್ನೇ ಕೊಡಬೇಕು ಅಂದ. ನಾನು ಆಗಲ್ಲ ಅಂದೆ. ಅದಕ್ಕೆ ಯಜಮಾನ್ತಿ ಏನಂದ್ಲು ಗೊತ್ತಾ?"

ತಂಗಿ ತಲೆ ಎತ್ತಿದಳು.

"'ನಿನ್ನ ಕೈಲಿ ಆಗಲ್ಲ ಅಂದ್ರೆ ಒಳಗಿರೋ ನಿನ್ನ ತಂಗೀನ ಕಳಿಸು, ವಯಸ್ಸೂ ಇದೆ' ಅಂದ್ಲು." ಅಕ್ಕ ನಗಲು ನೋಡಿದಳು. "ನೀನು ನೋಡಿದ್ರೆ ಕರೆಯದೇನೇ ಬಂದು ನಿಂತೆ."

ತಂಗಿ ಸೋಪಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

ಬಾಗಿಲು ತೆರೆಯಿತು. ಯಜಮಾನ್ತಿ ಹೊಸ್ತಿಲಲ್ಲೇ ನಿಂತಳು. ಕೋಪವೇನೂ ಇರಲಿಲ್ಲ. "ಹೊಟ್ಟೆ ಸರಿಹೋಯ್ತಾ? ಮೊದಮೊದಲು ಎಲ್ಲರಿಗೂ ಹೀಗೇ. ನಾಳೆ ಬೇಗ ಬಾ ತಂಗಿ, ನಿಂಗೊಂದು ಒಳ್ಳೆ ಬಟ್ಟೆ ನೋಡೋಣ. ತೊಳೆಯೋಕೆ ಬೇರೆ ಯಾರಾದ್ರೂ ಸಿಗ್ತಾರೆ." ಅಕ್ಕನ ಕಡೆ ತಿರುಗಿ, "ನೀನು ನಡಿ, ಜನ ಕಾಯ್ತಾ ಇದ್ದಾರೆ" ಎಂದಳು.

"ಬಂದೆ" ಎಂದಳು ಅಕ್ಕ. ಎದ್ದಳು. ಸೆರಗು ಸರಿಮಾಡಿಕೊಂಡಳು. ತಂಗಿಯ ಕಡೆ ನೋಡದೆ ಒಳಗೆ ಹೋದಳು.

ತಂಗಿ ಮೆಟ್ಟಿಲ ಮೇಲೆ ಕೂತೇ ಇದ್ದಳು. ಒಳಗೆ ವಾದ್ಯ ಶುರುವಾಯಿತು. ಅಕ್ಕನ ದನಿ ಎದ್ದಿತು. ನಲ್ಲಿಯ ಸದ್ದು, ಗ್ಲಾಸಿನ ಸದ್ದು ಯಾವುದೂ ಇಲ್ಲದೆ ಅಕ್ಕನ ಹಾಡನ್ನು ಅವಳು ಕೇಳಿದ್ದು ಇದೇ ಮೊದಲು. ಇಷ್ಟು ಚೆನ್ನಾಗಿ ಹಾಡುತ್ತಾಳೆ ಎಂದು ಗೊತ್ತಿರಲಿಲ್ಲ. ಮೊದಲ ಸಾಲು ಮುಗಿಯಿತು. ಎರಡನೆಯದರ ಅರ್ಧಕ್ಕೆ ದನಿ ನಿಂತುಬಿಟ್ಟಿತು.

ಬಾಗಿಲು ದೂಡಿಕೊಂಡು ಅಕ್ಕ ಬಂದಳು. ಕೈಯಲ್ಲಿ ಇಬ್ಬರ ಚೀಲವೂ ಇತ್ತು.

"ಏಳು."

"ಎಲ್ಲಿಗೆ?"

"ನಂಗೂ ಗೊತ್ತಿಲ್ಲ. ಏಳು ಮೊದಲು."

ಪೆಟ್ಟಿಗೆಗಳ ನಡುವೆ ಹಾದು ಅವರು ದಾರಿಗೆ ಬಂದರು. ಅಕ್ಕ ಜೋರಾಗಿ ನಡೆಯುತ್ತಿದ್ದಳು, ತಂಗಿಯ ಕೈ ಬಿಟ್ಟಿರಲಿಲ್ಲ. ಹಿಂದೆ ಬಾರಿನಲ್ಲಿ ವಾದ್ಯದವರು ನಿಲ್ಲಿಸಿರಲಿಲ್ಲ. ಅವಳು ಈಗ ಎತ್ತಿಕೊಳ್ಳುತ್ತಾಳೆ, ಈಗ ಎತ್ತಿಕೊಳ್ಳುತ್ತಾಳೆ ಎಂದು ಅದೇ ಅರ್ಧ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದರು.