ಎರಡು ಸಾವಿರದ ಐನೂರಾ ಇಪ್ಪತ್ತು ಕರ್ಚಿಕಾಯಿ

ಎಂಟನೆಯ ಗುಂಪಿಗೆ ಬಂದಾಗ ಒಂದು ಕರ್ಚಿಕಾಯಿ ಕಡಿಮೆ ಬಿತ್ತು.

"ಮಾಸ್ತರ್ರ, ನಿಮ್ಮ ಲೆಕ್ಕ ತಪ್ಪೈತ್ರಿ," ಎಂದು ಬೀಗತಿ ರೇಣುಕಾದೇವಿ ನಕ್ಕಳು.

ಗವಿಸಿದ್ದಪ್ಪ ಮಾಸ್ತರರ ಮುಖ ಸಣ್ಣದಾಯಿತು. ಇರಕಲ್ಲಗಡದ ಸಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಮನುಷ್ಯ! ಬಸುರಿ ಮಗಳು ಹೇಮಾಳ ಕುಬಸಕ್ಕೆ ತಾವರಗೇರಾದ ಬೀಗರ ಮನೆಗೆ ಕರ್ಚಿಕಾಯಿಯ ಬುತ್ತಿ ತರಬೇಕಿತ್ತು. ಅದನ್ನು ಬೀಗರ ಅಣ್ಣತಮ್ಮಂದಿರ ಮನೆಗಳಿಗೆಲ್ಲ ಸಮನಾಗಿ ಹಂಚಬೇಕು; ಅವರು ತಮ್ಮ ತಮ್ಮ ಓಣಿಯಲ್ಲಿ ಬೀರುತ್ತಾರೆ. ಆದರೆ ಹತ್ತು ಮನೆಗಳಲ್ಲಿ ಎಷ್ಟು ಮನೆಯವರು ಬರುತ್ತಾರೋ ಯಾರಿಗೆ ಗೊತ್ತು? ಇವತ್ತು ಮಾತಾಡಿದವರು ನಾಳೆ ಮಾತು ಬಿಡುವ ಜನ. ಹಿರಿಮಗಳ ಕುಬಸದಲ್ಲಿ ಒಂದು ಮನೆಗೆ ನಾಲ್ಕು ಕಡಿಮೆಯಾಗಿ ಆ ಹುಡುಗಿ ವರ್ಷವಿಡೀ ಚುಚ್ಚುಮಾತು ಕೇಳಿದ್ದಳು.

ಹೇಮಾಗೆ ಹಾಗಾಗಬಾರದೆಂದೇ ಮಾಸ್ತರರು 2520 ಮಾಡಿಸಿದ್ದರು. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಏನೂ ಉಳಿಯದ ಸಂಖ್ಯೆಗಳಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು. ಏಳು ಮನೆಯಾದರೆ 360, ಎಂಟಾದರೆ 315. ದಾರಿಯುದ್ದಕ್ಕೂ ಇದನ್ನೇ ಹೇಳಿ ಹೆಂಡತಿ ಗಾಳೆಮ್ಮನ ತಲೆ ತಿಂದಿದ್ದರು.

ಅಷ್ಟರಲ್ಲಿ ರೇಣುಕಾದೇವಿಯ ನೆಗೆಣ್ಣಿ, ಮೈದುನನ ಹೆಂಡತಿ ಪಕೀರಮ್ಮ ಬಾಗಿಲಲ್ಲಿ ಬಂದು ನಿಂತಳು. ಹೊಲದ ಬದುವಿನ ಜಗಳವಾದ ಮೇಲೆ ಮೂರು ವರ್ಷ ಈ ಹೊಸ್ತಿಲು ತುಳಿದವಳಲ್ಲ.

"ಹುಡುಗಿಗೆ ಉಡಿ ತುಂಬಾಕ ಬಂದೀನಿ. ಪಾಲಿಗಲ್ಲ," ಎಂದಳು ಬಿಗಿಯಾಗಿ.

"ಯವ್ವಾ, ಒಳಗ ಬಾ!" ರೇಣುಕಾದೇವಿಯ ಕಣ್ಣು ತುಂಬಿದವು. "ಏ, ಒಂಬತ್ತು ಪಾಲು ಮಾಡ್ರಿ!"

ಎಲ್ಲ ಕೂಡಿಸಿ ಮತ್ತೆ ಹಂಚಿದರು. ಎಂಟು ಗುಂಪಿಗೆ 280 ಬಂದವು. ಪಕೀರಮ್ಮನ ಮುಂದಿನದಕ್ಕೆ 279.

"ನಂದ ಕಡಿಮಿ ಬೀಳಬೇಕೇನು?" ಪಕೀರಮ್ಮ ಎದ್ದು ನಿಂತಳು.

"ನಿಮ್ಮದಂತ ಅಲ್ರಿ ಯವ್ವಾ," ಮಾಸ್ತರರು ಅಡ್ಡ ಬಂದರು. "ಇವು 2519 ಅದಾವು. ಮೂರು ಪಾಲು ಮಾಡ್ರಿ, ಏಳು ಮಾಡ್ರಿ, ಹತ್ತು ಮಾಡ್ರಿ, ಕಡೀಕ ಒಂದು ಕಡಿಮಿ ಬಿದ್ದ ಬೀಳ್ತೈತಿ! ಎಂಥಾ ಛಲೋ ಸಂಖ್ಯೆ ನೋಡ್ರಿ!" ಹೇಳುತ್ತ ಹೇಳುತ್ತ ಅವರಿಗೇ ಖುಷಿಯಾಗಿಬಿಟ್ಟಿತು. ಏನು ಮನುಷ್ಯನೋ! "ಆದ್ರ ಆ ಒಂದು ಎಲ್ಲಿ ಹೋತು?"

ಗಾಳೆಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಕರ್ಚಿಕಾಯಿ ತೆಗೆದಳು. "ನೀವು ಕರಿಯೂಕಿಂತ ಮೊದಲ ಎಣಿಸಿದ್ರಿ. ಎಣ್ಣ್ಯಾಗಿಂದ ತಗದ ಮೊದಲಿಂದು ದೇವರ ಜಗಲಿಗೆ ಇಡೂದಿಲ್ಲೇನ್ರಿ? ನಿಮ್ಮ ಲೆಕ್ಕದಾಗ ದೇವರ ಇರಲಿಲ್ಲ. ಪ್ರಸಾದಂತ ಹೇಮಾಗ ತಂದೀನಿ."

ಹೇಮಾ ತುಂಬಿದ ಹೊಟ್ಟೆ ಹಿಡಿದು ಮೆಲ್ಲಗೆ ಎದ್ದಳು. ಆ ಕರ್ಚಿಕಾಯಿಯನ್ನು ಪಕೀರಮ್ಮನ ಗುಂಪಿನ ಮೇಲಿಟ್ಟಳು.

"ದೇವರ ಪಾಲು ನಿಮಗ ಇರಲಿ, ಸಣ್ಣತ್ತಿ."

ಪಕೀರಮ್ಮ ಅದನ್ನು ಎತ್ತಿಕೊಂಡು ಎರಡು ತುಂಡು ಮಾಡಿ, ಒಂದನ್ನು ಹೇಮಾಳ ಬಾಯಿಗಿಟ್ಟಳು, ಇನ್ನೊಂದನ್ನು ರೇಣುಕಾದೇವಿಯ ಬಾಯಿಗೆ.

"ಮತ್ತ ಎರಡನೂರಾ ಎಪ್ಪತ್ತೊಂಬತ್ತ..." ಮಾಸ್ತರರು ಬಾಯಿ ತೆಗೆದರು. ಗಾಳೆಮ್ಮ ಚಿವುಟಿದಳು.

ಪಕೀರಮ್ಮ ಕೂತು, ಬುಟ್ಟಿ ಎಳೆದುಕೊಂಡು, ತನ್ನ ಪಾಲನ್ನು ಎಣಿಸದೆ ಎರಡೂ ಕೈಯಿಂದ ಬಾಚಿ ತುಂಬತೊಡಗಿದಳು.