ಚಪ್ಪರದಾಚೆಯ ಲೂರ್ದಮ್ಮ

ಅನಸೂಯಮ್ಮ ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತಿದ್ದಳು. ಎಪ್ಪತ್ತೆರಡರ ಮಂಡಿಗೆ ತಕ್ಕ ಕೆಲಸವಲ್ಲ ಅದು. ಒಂದು ಕೈ ಕಾಂಪೌಂಡ್ ಗೋಡೆಯ ಮೇಲೆ, ಇನ್ನೊಂದು ಕೈಯಲ್ಲಿ ಶಾಮಿಯಾನದವರು ಗೋಡೆಯುದ್ದಕ್ಕೂ ಎತ್ತರವಾಗಿ ಬಿಗಿದಿದ್ದ ಕೆಂಪು ಬಟ್ಟೆಯ ಅಂಚು. ಒಂದು ಗೇಣು ಸರಿಸಿದರೆ ಪಕ್ಕದ ಮನೆಯ ಅಂಗಳ ಕಾಣುತ್ತಿತ್ತು. ಬಾಡಿಗೆ ಕುರ್ಚಿಗಳು, ಅವುಗಳ ನಡುವೆ ಮೇಣದಬತ್ತಿ ಹಚ್ಚಿದ ಉದ್ದನೆಯ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಲೂರ್ದಮ್ಮ. ಮುಖ ಮಾತ್ರ ಕಾಣಲಿಲ್ಲ. ಯಾರೋ ತಂದ ಸೇವಂತಿಗೆ ಹಾರ ಅಡ್ಡ ಬಂದಿತ್ತು.

"ಅವ್ವಾ, ಇಳಿ ಕೆಳಕ್ಕೆ. ಬಿದ್ದು ಸೊಂಟ ಮುರ್ಕೊಂಡ್ರೆ ಮದ್ವೆ ಮನೇಲಿ ನಿನ್ನ ನೋಡ್ಕೊಳ್ಳೋರು ಯಾರು?" ಮಗ ಮಂಜುನಾಥ ಹಿಂದಿನಿಂದ ಬಂದು ಬಕೆಟ್ ಹಿಡಿದುಕೊಂಡ.

"ಮುಖ ಕಾಣಾಕಿಲ್ಲ ಕಣ್ಲಾ."

"ಕಾಣ್ಬಾರ್ದು ಅಂತ್ಲೇ ಬಟ್ಟೆ ಕಟ್ಸಿರೋದು."

ಮೊಮ್ಮಗಳು ನಿಸರ್ಗಳ ಮದುವೆ ಭಾನುವಾರ, ಚನ್ನರಾಯಪಟ್ಟಣದ ಕಲ್ಯಾಣ ಮಂಟಪದಲ್ಲಿ. ಇವತ್ತು ಶುಕ್ರವಾರ, ಅರಿಸಿನ ಶಾಸ್ತ್ರ. ಬುಧವಾರ ಬೆಳಿಗ್ಗೆ ಹೊಳೆನರಸೀಪುರದ ಈ ಮನೆಯ ಮುಂದೆ ಹಸಿರು ಚಪ್ಪರ ಎದ್ದಿತು. ಬುಧವಾರ ಸಂಜೆ ಪಕ್ಕದ ಮನೆಯ ಲೂರ್ದಮ್ಮ ಎದೆನೋವು ಅಂದವಳು ಕುರ್ಚಿಯಲ್ಲೇ ಹೋಗಿಬಿಟ್ಟಳು. ಅರವತ್ತೆಂಟು ವರ್ಷ ಯಾರಿಗೂ ಒಂದಿಷ್ಟು ತೊಂದರೆ ಕೊಡದೆ ಬದುಕಿದವಳು, ಸಾಯುವಾಗ ಮಾತ್ರ ಪಂಚಾಂಗ ನೋಡಲಿಲ್ಲ.

ಚಪ್ಪರ ಹಾಕಿದ ಮೇಲೆ ಆ ಮನೆಯವರು ಸಾವಿನ ಮನೆಗೆ ಹೋಗುವಂತಿಲ್ಲ. ಹೋದವರು ಮದುವೆ ಮುಗಿಯುವವರೆಗೆ ಚಪ್ಪರದೊಳಗೆ ಕಾಲಿಡುವಂತಿಲ್ಲ. ಅನಸೂಯಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಂಡಿಗನಹಳ್ಳಿಯ ತವರಿನಲ್ಲಿ ಇದೇ ಕಟ್ಟಳೆ ಹೇಳಿ ಅವಳೇ ಎಷ್ಟೋ ಜನರನ್ನು ತಡೆದಿದ್ದಳು.

ಮಗ ಅಡುಗೆಯವರ ಕಡೆ ಹೋದ. ಅನಸೂಯಮ್ಮ ಬಕೆಟ್ಟಿನಿಂದ ಇಳಿದಳೇ ಹೊರತು ಗೋಡೆ ಬಿಟ್ಟು ಹೋಗಲಿಲ್ಲ. ಆಚೆಯ ಮಾತು ಕಿವಿಗೆ ಬೀಳುತ್ತಿತ್ತು. ಆಸ್ಪತ್ರೆಯಲ್ಲಿ ಲೂರ್ದಮ್ಮನ ಜೊತೆ ಆಯಾ ಆಗಿದ್ದ ಬೀರಮ್ಮನ ದನಿ ಅದು.

"ಮೂವತ್ತೊಂದು ವರ್ಷ ಹೆರಿಗೆ ವಾರ್ಡ್ನಾಗೆ ಇದ್ಲು ಕಣಪ್ಪ ನಿಮ್ಮತ್ತೆ. ಈ ಊರ್ನಾಗೆ ಅರ್ಧ ಜನಕ್ಕೆ ಮೊದಲ್ನೇ ನೀರು ಉಯ್ದೋಳು ಇವ್ಳೇ. ತನಗೊಂದು ಕೂಸು ಆಗ್ಲಿಲ್ಲ ಅಂತ ಒಂದಿನ ಬಾಯ್ಬಿಟ್ಟು ಏಳ್ಲಿಲ್ಲ."

"ಮಾವ ತೀರ್ಕೊಂಡ್ಮೇಲೆ ಅರಕಲಗೂಡಿಗೆ ಬಂದ್ಬುಡತ್ತೆ ಅಂತ ಎಷ್ಟ್ ಸಲ ಕರದೆ. ಇಲ್ಲಿ ಅನಸೂಯಕ್ಕ ಅವ್ಳೆ ಕಣ್ಲಾ, ನಂಗೇನ್ ಕಮ್ಮಿ ಅನ್ನೋಳು." ಇದು ಲೂರ್ದಮ್ಮನ ಅಣ್ಣನ ಮಗ ಚಿನ್ನಪ್ಪ.

"ಆಯಮ್ಮ ಬರ್ಲಿಲ್ವಾ?"

"ಮದ್ವೆ ಮನೆಯೋರು. ಯಂಗ್ ಬತ್ತಾರೆ."

"ಅದೂ ಸರಿ ಅನ್ನು."

ಯಾಕೆ ಬರಲಿಲ್ಲ ಎಂದು ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅದೂ ಸರಿ ಎಂದಾಗ ಅನಸೂಯಮ್ಮನಿಗೆ ಅಳು ಬಂತು. ಮದುವೆ ಮನೆಯಲ್ಲಿ ಅಳುವುದೂ ಅಪಶಕುನವೇ. ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

*

ಐದು ವರ್ಷದ ಹಿಂದೆ, ಕೊರೊನಾ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಏಪ್ರಿಲ್. ಬಸ್ಸಿಲ್ಲ, ಸಂತೆಯಿಲ್ಲ, ದೇವಸ್ಥಾನಕ್ಕೂ ಬೀಗ, ಚರ್ಚಿಗೂ ಬೀಗ. ಮಂಜುನಾಥ ಮನೆಗೆ ಬಂದ ಕೊತ್ತಂಬರಿ ಸೊಪ್ಪನ್ನೂ ಸೋಪಿನ ನೀರಿನಲ್ಲಿ ಅದ್ದುತ್ತಿದ್ದ ಕಾಲ ಅದು.

ಒಂದು ಶುಕ್ರವಾರ ಗೋಡೆಯಾಚೆ ಲೂರ್ದಮ್ಮ ಸುಮ್ಮನೆ ಮೆಟ್ಟಿಲ ಮೇಲೆ ಕೂತಿದ್ದಳು. ಒಲೆ ಹಚ್ಚಿದ ಲಕ್ಷಣ ಇರಲಿಲ್ಲ.

"ಇವತ್ತೇನೋ ನಿಮ್ ಹಬ್ಬವಂತೆ. ಮೊಬೈಲ್ನಾಗೆ ನೋಡಿ ನಿಸರ್ಗ ಏಳಿದ್ಲು," ಎಂದಳು ಅನಸೂಯಮ್ಮ.

"ಹಬ್ಬ ಅಲ್ಲ ಕಣಕ್ಕ. ಇವತ್ತು ಸ್ವಾಮಿ ಸತ್ತ ದಿನ. ಉಪಾಸ ಇವ್ನಿ."

"ಅಯ್ಯೋ ಪಾಪ. ಮತ್ತೆ ಹಬ್ಬ?"

"ಭಾನುವಾರ. ಮೂರನೇ ದಿನಕ್ಕೆ."

ಅನಸೂಯಮ್ಮ ಬೆರಳು ಮಡಿಸಿ ಎಣಿಸಿದಳು. ಶುಕ್ರವಾರ ಸಾವು, ಭಾನುವಾರಕ್ಕೆ ಮೂರು ದಿನ. ಅವಳ ಕಡೆಯಲ್ಲಿ ಯಾರು ತೀರಿಕೊಂಡರೂ ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲುತುಪ್ಪ ಬಿಡುತ್ತಾರೆ. ಸತ್ತವರಿಗೆ ಅದು ಮುಟ್ಟದಿದ್ದರೆ ಅವರ ಜೀವಕ್ಕೆ ನೆಮ್ಮದಿ ಇಲ್ಲ. ಲೂರ್ದಮ್ಮನ ದೇವರಿಗೂ ಅಂಥದ್ದೇ ಏನೋ ಇರಬೇಕು, ಚರ್ಚಿಗೆ ಬೀಗ ಬಿದ್ದಿರುವಾಗ ಪಾಪ, ಯಾರು ಬಿಡುತ್ತಾರೆ ಎಂದು ಅವಳಿಗೆ ಎರಡು ದಿನ ಅದೇ ಯೋಚನೆಯಾಯಿತು.

ಭಾನುವಾರ ಬೆಳಿಗ್ಗೆ ಸೊಸೆ ಸ್ನೇಹಲತಾಗೂ ಹೇಳದೆ ಒಂದು ಚೊಂಬು ಹಾಲು, ಬಟ್ಟಲಲ್ಲಿ ತುಪ್ಪ ಹಿಡಿದು, ಮೂಗಿಗೆ ಮಾಸ್ಕ್ ಏರಿಸಿ ಹೋದಳು. ಬಾಗಿಲು ತೆರೆದೇ ಇತ್ತು. ಲೂರ್ದಮ್ಮ ಹೊಸ ಸೀರೆ ಉಟ್ಟಿದ್ದಳು. ತಲೆಗೆ ಹೂವು, ಕಾಲಿಗೆ ಚಪ್ಪಲಿ, ತೊಡೆಯ ಮೇಲೆ ಪ್ರಾರ್ಥನೆ ಪುಸ್ತಕ. ಎಲ್ಲಿಗೋ ಹೊರಟವಳ ಹಾಗೆ ಸಜ್ಜಾಗಿ ನಡುಮನೆಯ ಕುರ್ಚಿಯಲ್ಲಿ ಕೂತಿದ್ದಳು. ಎದುರಿಗೆ ಸ್ಟೂಲಿನ ಮೇಲೆ ಲೋಟಕ್ಕೆ ಆನಿಸಿಟ್ಟ, ನಿಸರ್ಗ ಕೊಟ್ಟುಹೋಗಿದ್ದ ಮೊಬೈಲು. ಅದರೊಳಗೆ ಖಾಲಿ ಚರ್ಚಿನಲ್ಲಿ ಫಾದರ್ ಒಬ್ಬರೇ ನಿಂತು ಪೂಜೆ ಮಾಡುತ್ತಿದ್ದರು.

"ಎಲ್ಲಿಗೆ ಹೊರಟೆಯೇ?"

"ಎಲ್ಗೂ ಇಲ್ಲ ಕಣಕ್ಕ. ಹಬ್ಬ ಅಲ್ವಾ. ನಲವತ್ತು ವರ್ಷದಾಗೆ ಒಂದು ಪಾಸ್ಕ ಹಬ್ಬಕ್ಕೂ ನಾನು ಪೂಜೆ ತಪ್ಸಿಲ್ಲ. ಅದೇನದು ಚೊಂಬ್ನಾಗೆ?"

"ಹಾಲುತುಪ್ಪ. ನಿಮ್ ಸ್ವಾಮಿಗೆ. ಮೂರನೇ ದಿನ ಅಲ್ವಾ. ಯಾರೂ ಇಲ್ಲ ಅಂತ ಬುಟ್ಬುಡಕ್ಕಾಯ್ತದಾ?"

ಲೂರ್ದಮ್ಮ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

"ಎದ್ದೋಗವ್ನೆ ಕಣಕ್ಕ. ಸಮಾಧಿ ಖಾಲಿ. ಅದುಕ್ಕೇ ಇವತ್ತು ಹಬ್ಬ."

"ಯಾರ್ ನೋಡಿದ್ದು?"

"ಹೆಂಗಸ್ರು. ಹೊತ್ತು ಮೂಡೋಕೆ ಮುಂಚೆ ಸುಗಂಧ ಹಿಡ್ಕೊಂಡು ಸಮಾಧಿ ತಾವ್ಕೆ ಓದ್ರು."

"ಗಂಡಸ್ರು ಎಲ್ಲೋಗಿದ್ರು?"

"ಹೆದ್ರುಕೊಂಡು ಬಾಗ್ಲಾಕ್ಕೊಂಡು ಒಳಗೆ ಕೂತಿದ್ರು."

"ನಮ್ ಮಂಜನಂಗೆ," ಎಂದಳು ಅನಸೂಯಮ್ಮ. ಇಬ್ಬರೂ ಮತ್ತೆ ನಕ್ಕರು.

ಮೊಬೈಲಿನಲ್ಲಿ ಫಾದರ್ ಒಬ್ಬರಿಗೊಬ್ಬರು ಶಾಂತಿ ಕೋರಿ ಎಂದರು. ಲೂರ್ದಮ್ಮ ಅಭ್ಯಾಸಬಲದಿಂದ ಬಲಕ್ಕೆ ತಿರುಗಿ ಕೈ ಮುಗಿಯಲು ಹೋದಳು. ಅಲ್ಲಿ ಗೋಡೆ. ಎಡಕ್ಕೆ ತಿರುಗಿದಳು. ಅಲ್ಲಿ ಗಂಡ ಇನ್ನಾಸಪ್ಪ ಬದುಕಿದ್ದಾಗ ಕೂರುತ್ತಿದ್ದ ಕುರ್ಚಿ, ಅದರ ಮೇಲೆ ಮಡಿಸದ ಬಟ್ಟೆ. ಎತ್ತಿದ ಕೈ ಎಲ್ಲಿಡಬೇಕೆಂದು ತಿಳಿಯದೆ ಬಾಗಿಲ ಕಡೆ ತಿರುಗಿ ಅನಸೂಯಮ್ಮನಿಗೆ ಮುಗಿದಳು. ಅನಸೂಯಮ್ಮನೂ ಚೊಂಬು ಕೆಳಗಿಟ್ಟು ಮುಗಿದಳು.

"ಇದೇನಕ್ಕೆ?"

"ಪಕ್ಕದಾಗಿರೋರ್ಗೆ ಶಾಂತಿ ಕೊಡ್ಬೇಕು."

"ಸರಿಹೋಯ್ತು. ನಾನೇ ಅಲ್ವಾ ಪಕ್ಕದೋಳು."

ಆ ಹಾಲಿಗೆ ತುಪ್ಪ ಬಿಟ್ಟು ಇಬ್ಬರೂ ಎರಡು ಲೋಟ ಮಾಡಿ ಕುಡಿದರು, ಒಬ್ಬಳು ಬಾಗಿಲ ಒಳಗೆ, ಒಬ್ಬಳು ಹೊರಗೆ. ಬೀದಿಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಕೊರೊನಾ ಹೋಗಿ ಚರ್ಚು ತುಂಬಿದ ಮೇಲೂ ಲೂರ್ದಮ್ಮ ಹೇಳುವುದಿತ್ತು, ಏನೇ ಅನ್ನು ಅನಸೂಯಕ್ಕ, ಆ ವರ್ಷದ ಹಬ್ಬನೇ ಹಬ್ಬ. ಆಮೇಲೆ ಪ್ರತಿ ಪಾಸ್ಕಕ್ಕೂ ಪೂಜೆ ಮುಗಿಸಿ ಬಂದವಳೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಅನಸೂಯಮ್ಮ ಚೊಂಬು ಹಿಡಿದು ಹೋಗುತ್ತಿದ್ದಳು. ತಪ್ಪು ತಿಳಿದ ಮೇಲೂ ಅದನ್ನು ತಿದ್ದಿಕೊಳ್ಳಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಈ ವರ್ಷ ಮಾತ್ರ, ಹೋದ ಭಾನುವಾರ, ಅನಸೂಯಮ್ಮ ಮನೆಯವರ ಜೊತೆ ಮದುವೆ ಸೀರೆ ತರಲು ಹಾಸನಕ್ಕೆ ಹೋದಳು. ವಾಪಸು ಬಂದಾಗ ಸಂಜೆ. ಕುರ್ಚಿ ಇನ್ನೂ ಬಾಗಿಲಲ್ಲೇ ಇತ್ತು.

"ಇರ್ಲಿ ಬುಡಕ್ಕ," ಎಂದಿದ್ದಳು ಮಾರನೆಯ ದಿನ ಲೂರ್ದಮ್ಮ. "ಮದ್ವೆ ಮುಗೀಲಿ. ನಿಧಾನವಾಗಿ ಕೂತ್ಕೊಂಡು ಕುಡಿಯವ."

*

ಚಪ್ಪರದ ಕೆಳಗೆ ಹಸೆಮಣೆಯ ಮೇಲೆ ನಿಸರ್ಗಳನ್ನು ಕೂರಿಸಿದರು. ಮುತ್ತೈದೆಯರನ್ನು ಕರೆದರು. ಬೀಗರ ಕಡೆಯ ಇಬ್ಬರು, ಸ್ನೇಹಲತಾಳ ಅಕ್ಕ, ಎದುರು ಮನೆಯ ಮಾಯಮ್ಮ, ಒಬ್ಬೊಬ್ಬರಾಗಿ ಬಂದು ಹುಡುಗಿಯ ಕೆನ್ನೆಗೆ, ಕೈಗೆ ಅರಿಸಿನ ಹಚ್ಚಿದರು. ಗಂಡ ತೀರಿಕೊಂಡು ಹದಿಮೂರು ವರ್ಷವಾದ ಅನಸೂಯಮ್ಮ ಚಪ್ಪರದ ಕಂಬಕ್ಕೆ ಒರಗಿ ದೂರ ನಿಂತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ, ಅವಳೂ ಕರೆಯಲೆಂದು ಕಾಯಲಿಲ್ಲ.

ಪಕ್ಕದ ಮನೆಯಲ್ಲಿ ಹಾಡು ಶುರುವಾಯಿತು. ಪೆಟ್ಟಿಗೆ ಎತ್ತುತ್ತಿದ್ದಾರೆ. ಇಲ್ಲಿಂದ ಚರ್ಚು, ಚರ್ಚಿನಿಂದ ಸಮಾಧಿ.

ಅನಸೂಯಮ್ಮ ಸೆರಗು ಸಿಕ್ಕಿಸಿಕೊಂಡು ಗೇಟಿನ ಕಡೆ ನಡೆದಳು. ಮಂಜುನಾಥ ಓಡಿ ಬಂದು ಅಡ್ಡ ನಿಂತ.

"ಅವ್ವಾ, ಅಲ್ಲಿಗೋದ್ರೆ ಭಾನುವಾರದವರ್ಗೂ ನೀನು ಒಳಕ್ಕೆ ಬರಂಗಿಲ್ಲ. ಗೊತ್ತಲ್ವಾ? ಧಾರೆ ನೋಡಂಗಿಲ್ಲ."

"ಗೊತ್ತು ಕಣಪ್ಪ."

"ಇರೋಳು ಒಬ್ಳೇ ಮೊಮ್ಮಗ್ಳು."

"ಇದ್ದೋಳೂ ಒಬ್ಳೇ ಕಣ್ಲಾ."

ಮಂಜುನಾಥನ ದನಿ ತಗ್ಗಿತು. "ನಾನೂ ಆಯಮ್ಮನ ಕೈತುತ್ತು ತಿಂದೋನೇ. ನಂಗ್ ಸಂಕ್ಟ ಇಲ್ವಾ? ಮಗಳ ವಿಷ್ಯ ಅವ್ವಾ. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ಇದ್ನೇ ಎತ್ತಾಡ್ತಾರೆ."

"ಅದುಕ್ಕೇ ನಿನ್ನ ಬಾ ಅನ್ಲಿಲ್ಲ. ನೀನು ಮಗಳ ಮದ್ವೆ ಮಾಡು. ನಂದೇನೈತೆ ಅಲ್ಲಿ? ಅರಿಸಿನಕ್ಕೆ ಕರದ್ರಾ? ನಾಡಿದ್ದು ಧಾರೆಗೆ ಕರಿತೀರಾ? ಕಂಬದ ತಾವ ನಿಂತ್ಕೊಳ್ಳೋಳು ಕಂಬ ಬುಟ್ಟೋದ್ರೆ ಚಪ್ಪರ ಬೀಳಾಕಿಲ್ಲ."

ಮಂಜುನಾಥ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಹೀಗೆ ಅಂದರೂ ಗೇಟು ದಾಟುವ ಮುಂಚೆ ಅನಸೂಯಮ್ಮನ ಕಾಲು ನಿಂತಿತು. ಈ ಹುಡುಗಿ ಸೀರೆಯುಟ್ಟು ಮಂಟಪಕ್ಕೆ ಬರುವುದನ್ನು ನೋಡಬೇಕೆಂದೇ ಅವಳು ಎರಡು ಸಲ ಆಸ್ಪತ್ರೆಯಿಂದ ಎದ್ದು ಬಂದಿದ್ದಳು. ಹಿಂದಿರುಗಿ ನೋಡಿದಳು. ಹಸೆಮಣೆ ಖಾಲಿ ಇತ್ತು.

"ಏಯ್, ಶಾಸ್ತ್ರ ಅರ್ಧಕ್ಕೆ ಬುಟ್ಟು ಏಳ್ಬಾರ್ದು ಕಣೇ," ಎಂದು ಸ್ನೇಹಲತಾ ಹಿಂದಿನಿಂದ ಕೂಗುತ್ತಿದ್ದಂತೆ ನಿಸರ್ಗ ಚಪ್ಪರದ ಕೊನೆಯವರೆಗೆ ಬಂದು ಅಲ್ಲೇ ನಿಂತಳು. ಅಲ್ಲಿಂದ ಆಚೆ ಅವಳು ಬರುವಂತಿಲ್ಲ. ಮುಖ, ಕತ್ತು, ಮೊಣಕೈವರೆಗೆ ಎಣ್ಣೆಯಲ್ಲಿ ಕಲಸಿದ ಹಸಿ ಅರಿಸಿನ ಸುರಿಯುತ್ತಿತ್ತು.

"ಅಜ್ಜಿ, ಬನ್ನಿ ಇಲ್ಲಿ."

ಅನಸೂಯಮ್ಮ ಎರಡು ಹೆಜ್ಜೆ ಹಿಂದೆ ಬಂದಳು. ನಿಸರ್ಗ ಎರಡೂ ಕೈ ಚಾಚಿ ಅಜ್ಜಿಯ ಬಲಗೈ ಹಿಡಿದುಕೊಂಡಳು. ಮುತ್ತೈದೆಯರು ನೋಡುತ್ತಿದ್ದರು.

"ನನ್ನ ಮೊದ್ಲು ಎತ್ಕೊಂಡಿದ್ದು ಆ ಅಜ್ಜಿನೇ ಅಂತೆ ಅಲ್ವಾ."

"ಊಂ ಕಣವ್ವ. ತೊಳೆದು, ಬಟ್ಟೆ ಸುತ್ತಿ ನನ್ ಕೈಗೆ ಕೊಟ್ಟೋಳೇ ಅವ್ಳು."

"ನಂಗೆ ಬರಕ್ಕಾಗಲ್ಲ. ನನ್ನ ಪಾಲಿನ ಹಿಡಿ ಮಣ್ಣೂ ನೀವೇ ಹಾಕ್ಬಿಡಿ."

ಆಮೇಲೆ ಹಸೆಮಣೆಗೆ ಹೋಗಿ ಕೂತಳು.

ಸಮಾಧಿಯ ಹತ್ತಿರ ಮಧ್ಯಾಹ್ನದ ಬಿಸಿಲು. ಅನಸೂಯಮ್ಮ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದು, ಲೂರ್ದಮ್ಮನ ಮುಖ ಕೊನೆಗೂ ನೋಡಿದ್ದು, ಆಟೋದಲ್ಲಿ ಬೀರಮ್ಮನ ಪಕ್ಕ ಇಲ್ಲಿಗೆ ಬಂದಿದ್ದು ಎಲ್ಲ ಮುಗಿದಿತ್ತು. ಮುಖ ಚೆನ್ನಾಗಿಯೇ ಇತ್ತು. ಏನೋ ಹೇಳಲು ಹೊರಟು, ಇರಲಿ ಬಿಡು ಎಂದುಕೊಂಡ ಹಾಗೆ.

ಇನ್ನಾಸಪ್ಪನ ಕಲ್ಲಿನ ಪಕ್ಕದಲ್ಲೇ ಗುಂಡಿ. ಪೆಟ್ಟಿಗೆ ಇಳಿಸಿದರು. ಫಾದರ್ ತೀರ್ಥ ಚಿಮುಕಿಸಿ, ಮನೆಯವರು ಮಣ್ಣು ಹಾಕಿ ಎಂದರು.

ಚಿನ್ನಪ್ಪ ಬಗ್ಗಿದವನು ಮತ್ತೆ ನೆಟ್ಟಗಾದ. "ಅನಸೂಯಮ್ಮೋರೇ, ನೀವು ಮೊದ್ಲು ಹಾಕಿ."

"ನಾನು ಮನೆಯೋಳಲ್ವಲ್ಲಪ್ಪ."

"ಇವತ್ತಿಂದ ಭಾನುವಾರದವರ್ಗೂ ಇನ್ನೆಲ್ಲಿ ಇರ್ತೀರಾ? ಅತ್ತೆ ಮನೆ ಬಾಗ್ಲು ತೆಗ್ದೇ ಬಂದಿವ್ನಿ. ಹಾಕಿ."

ಅನಸೂಯಮ್ಮ ಬಗ್ಗಿ ಒಂದು ಹಿಡಿ ಹಾಕಿದಳು. ಅದು ಅವಳದು. ಇನ್ನೊಂದು ಹಿಡಿ ತೆಗೆದು, "ಇದು ನಿಸರ್ಗಂದು ಕಣೇ," ಎಂದು ಕೆಳಗಿದ್ದವಳಿಗೆ ಕೇಳಿಸುವಂತೆ ಹೇಳಿ ಕೈ ಬಿಚ್ಚಿದಳು. ಸ್ವಲ್ಪ ಬಿತ್ತು. ಉಳಿದದ್ದು ಬೀಳಲಿಲ್ಲ. ಬಲ ಅಂಗೈಯಲ್ಲಿ ಮೊಮ್ಮಗಳ ಅರಿಸಿನ ಇನ್ನೂ ಆರದೆ ಮಣ್ಣನ್ನು ಹಿಡಿದುಕೊಂಡಿತ್ತು.

ಎಲ್ಲರೂ ಮಣ್ಣು ಹಾಕಿ ಆದ ಮೇಲೆ ಬೀರಮ್ಮ ಕೈ ತೊಳೆಯಲು ನೀರಿನ ಬಾಟಲಿ ತಂದು ಬಗ್ಗಿಸಿದಳು. ಅನಸೂಯಮ್ಮ ಎಡಗೈ ಮಾತ್ರ ಒಡ್ಡಿದಳು.