ಹನ್ನೊಂದು ವಿಮರ್ಶೆ, ಒಂದು ಪೆಡಲ್

ನನ್ನ ಕೆಲಸ ಕತ್ತರಿಸುವುದು. ಬಟ್ಟೆಯನ್ನಲ್ಲ, ತರಕಾರಿಯನ್ನೂ ಅಲ್ಲ, ಬರೆದವರ ಮಾತನ್ನು. ನಮ್ಮ ಕಾರ್ಖಾನೆಯ ಕಾರುಗಳ ಬಗ್ಗೆ ಪತ್ರಿಕೆಗಳಲ್ಲಿ ಏನೇ ಬರಲಿ, ಮೊದಲು ನೆಲಮಾಳಿಗೆಯ ನನ್ನ ಮೇಜಿಗೆ ಬರುತ್ತದೆ. ಎಂಜಿನ್ ಬಗ್ಗೆ ಬರೆದ ಸಾಲು 'ಎಂಜಿನ್' ಎಂದು ಬರೆದ ಕಾಗದದ ಕವರಿಗೆ, ಸೀಟಿನ ಬಗ್ಗೆ ಬರೆದದ್ದು 'ಸೀಟು' ಎಂದು ಬರೆದ ಕವರಿಗೆ. ಮೋಡ ಹೇಗಿತ್ತು, ತಿಂಡಿ ಏನು ಕೊಟ್ಟರು, ಹೋಟೆಲಿನ ಹಾಸಿಗೆ ಮೆತ್ತಗಿತ್ತೋ ಇಲ್ಲವೋ, ಇವೆಲ್ಲ ಕಾಲ ಬುಡದ ಬುಟ್ಟಿಗೆ. ಇದನ್ನು ಕಂಪ್ಯೂಟರಿನಲ್ಲೇ ಮಾಡಬಾರದೇ ಎಂದು ಕೇಳುವ ಜಾಣರಿದ್ದಾರೆ. ನಮ್ಮ ದೊಡ್ಡ ಸಾಹೇಬರಿಗೆ ಪರದೆಯ ಮೇಲೆ ಓದಿದ್ದು ತಲೆಗೆ ಹತ್ತುವುದಿಲ್ಲ. ಹದಿನಾಲ್ಕು ವರ್ಷದಿಂದ ನನ್ನ ಅನ್ನ ನಡೆದಿರುವುದು ಅವರ ಈ ಹಟದಿಂದಲೇ.

ಆ ವರ್ಷದ ಕಾರು ಬೇರೆ ಥರದ್ದು. ರೇಸ್ ಟ್ರ್ಯಾಕಿಗೆಂದೇ ಹುಟ್ಟಿದ್ದು, ಆದರೂ ನಂಬರ್ ಪ್ಲೇಟ್ ಹಾಕಿಕೊಂಡು ರಸ್ತೆಗೂ ಇಳಿಯಬಹುದಾದದ್ದು. ಬೆನ್ನ ಹಿಂದೆ ಪೆಟ್ರೋಲ್ ಎಂಜಿನ್, ಜೊತೆಗೆ ಎರಡು ವಿದ್ಯುತ್ ಮೋಟರು, ಒಂದು ಬ್ಯಾಟರಿ. ಅಂಗಡಿಗೆ ಹೋಗಿ ಸಾಮಾನು ತರಲು ಕಾನೂನಿನ ಅಡ್ಡಿ ಏನೂ ಇಲ್ಲ. ಸಾಮಾನು ಇಡಲು ಜಾಗವಿಲ್ಲ, ಅಷ್ಟೇ. ಹನ್ನೊಂದು ಜನ ಪತ್ರಕರ್ತರನ್ನು ಕರೆಸಿ, ಅಂಥ ಐದು ಕಾರುಗಳನ್ನು ಒಂದು ದಿನ ಟ್ರ್ಯಾಕಿನಲ್ಲಿ ಓಡಿಸಲು ಕೊಟ್ಟರು. ಸೋಮವಾರಕ್ಕೆ ಮುಂಚೆ ಯಾರೂ ಬರೆಯಬಾರದೆಂಬ ಕರಾರಿದ್ದದ್ದರಿಂದ ಹನ್ನೊಂದು ವಿಮರ್ಶೆಯೂ ಒಂದೇ ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಿದ್ದವು.

ಎಂಜಿನ್ನನ್ನು ಹನ್ನೊಂದು ಜನವೂ ಹೊಗಳಿದ್ದರು. ಸೀಟನ್ನು ಹನ್ನೊಂದು ಜನವೂ ಬೈದಿದ್ದರು. ಜಗಳವಿದ್ದದ್ದು ಬ್ರೇಕ್ ಪೆಡಲಿನಲ್ಲಿ. 'ಕಾರನ್ನು ಕಾಲ ಬೆರಳಿನಲ್ಲೇ ಹಿಡಿದು ನಿಲ್ಲಿಸಿದಂತಿದೆ' ಎಂದು ಒಬ್ಬರು ಬರೆದರೆ, 'ಮರದ ಹಲಗೆಗೆ ಒದ್ದಂತಿದೆ' ಎಂದು ಇನ್ನೊಬ್ಬರು. ಲೆಕ್ಕ ಹಾಕಿದೆ: ಹೊಗಳಿದವರು ಆರು, ಬೈದವರು ಐದು. ಬ್ರೇಕಿನ ಕವರು ಉಬ್ಬಿ ಹರಿಯುವ ಹಾಗಾದಾಗ ಪೆಡಲಿಗೆಂದೇ ಬೇರೆ ಕವರು ಮಾಡಬೇಕಾಯಿತು. ಅಂಥ ಕವರು ನನ್ನ ಸರ್ವೀಸಿನಲ್ಲೇ ಮೊದಲನೆಯದು.

ಕ್ಯಾಂಟೀನು ಎರಡು ಹೋಳಾಯಿತು. ಎಂಜಿನ್ ವಿಭಾಗದವರು ಬೈದ ಐವರಿಗೆ ಓಡಿಸಲು ಬರುವುದಿಲ್ಲ ಎಂದರು. ಮಾರಾಟದವರು, ಹೊಗಳಿದ ಆರು ಜನ ನಮ್ಮ ಊಟದ ಋಣ ತೀರಿಸಿದ್ದಾರೆ ಎಂದರು. ಆ ಕಾರಿನ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ಗೊತ್ತಿಲ್ಲದವರೂ ಚಮಚ ಎತ್ತಿ ಎತ್ತಿ ತೀರ್ಪು ಕೊಟ್ಟರು. ನಾನು ಮಾತ್ರ ಯಾವ ಪಕ್ಷಕ್ಕೂ ಸೇರದೆ ತಟ್ಟೆ ಎತ್ತಿಕೊಂಡು ಮೂಲೆಯ ಮೇಜಿಗೆ ಹೋದೆ. ಯಾಕೆಂದರೆ ಆ ಪೆಡಲ್ ನನ್ನ ಮೈದುನನದು.

ನಮ್ಮ ಕಾರ್ಖಾನೆಯಲ್ಲೇ ಅವನು ಬ್ರೇಕ್ ಎಂಜಿನಿಯರು; ಮೂರು ವರ್ಷ ಅದೊಂದನ್ನೇ ಹದ ಮಾಡಿದ್ದ. ಮನೆಯಲ್ಲಿ ನಾವು ಕೆಳಗೆ, ಅವನು ಹೆಂಡತಿಯೊಂದಿಗೆ ಮೇಲೆ. ಕಾಲಿನಿಂದ ಒತ್ತುವ ಯಾವ ವಸ್ತುವನ್ನೂ ಅವನು ಸುಮ್ಮನೆ ಬಿಟ್ಟವನಲ್ಲ. ನನ್ನ ಅಡುಗೆಮನೆಯ ಕಸದ ಡಬ್ಬಿಯ ಪೆಡಲ್ ಗಡುಸಾಗಿದೆಯೆಂದು ಬಿಚ್ಚಿ, ಎರಡು ದಿನ ಮುಚ್ಚಳವಿಲ್ಲದೆ ಇಟ್ಟಿದ್ದ. 'ನಿದ್ದೇಲೂ ಬಲಗಾಲು ಒತ್ತುತ್ತಾನೇ ಇರ್ತಾರೆ ಅಕ್ಕಾ' ಎಂದು ನನ್ನ ವಾರಗಿತ್ತಿ ದೂರುತ್ತಾಳೆ. ಈಗ ದೊಡ್ಡ ಸಾಹೇಬರು ಗುರುವಾರ ಮೂರು ಗಂಟೆಗೆ ಸಭೆ ಕರೆದಿದ್ದರು. ಅವನ ಪೆಡಲನ್ನು ಉಳಿಸುವುದೋ, ಕಿತ್ತು ಹೊರಗಿನ ಕಂಪನಿಯ ಸಿದ್ಧ ಪೆಡಲ್ ಕೂಡಿಸುವುದೋ ಎಂದು ಅಲ್ಲಿ ತೀರ್ಮಾನ.

ಬುಧವಾರ ಮಧ್ಯಾಹ್ನ ಅವನು ಊಟದ ಡಬ್ಬಿ ಹಿಡಿದು ನೆಲಮಾಳಿಗೆಗೆ ಇಳಿದು ಬಂದ. ಡಬ್ಬಿ ಬಿಚ್ಚಲಿಲ್ಲ.

"ಆ ಐದು ಜನಕ್ಕೆ ಕಾಲೇ ಇಲ್ಲ ಅತ್ತಿಗೆ," ಎಂದ.

"ಎಲ್ಲರನ್ನೂ ಒಟ್ಟಿಗೆ ಬೈಬೇಡ," ಎಂದೆ. ನನಗೆ ರೇಗಿತು. ಬರೆಯುವವರನ್ನು ನಾನು ಕಂಡಿಲ್ಲ, ಆದರೆ ಅವರ ವಾಕ್ಯಗಳ ಜೊತೆ ಸಂಸಾರ ಮಾಡಿದ್ದೇನೆ; ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರಿಟ್ಟಿದ್ದೇನೆ: ಒಬ್ಬರು ಬೆನ್ನುನೋವಿನವರು, ಒಬ್ಬರು ಕವಿಗಳು, ಒಬ್ಬರು ಗಡಿಯಾರದವರು. "ಬೆನ್ನುನೋವಿನವರು ಬೈದಿದಾರೆ ನೋಡು. ಅವರು ಸೀಟಿನ ವಿಷಯಕ್ಕೆ ಗೊಣಗ್ತಾರೆ, ನಿಜ. ಆದ್ರೆ ಇಷ್ಟು ವರ್ಷದಲ್ಲಿ ಒಂದು ಸುಳ್ಳು ಬರೆದಿಲ್ಲ."

"ಹಾಗಾದ್ರೆ ಹೊಗಳಿದವರು ಸುಳ್ಳರಾ?"

"ಅವರಲ್ಲಿ ಕವಿಗಳಿದಾರಲ್ಲ, ಅವರ ಮಾತು ಬಿಡು, ಪಾರ್ಕಿಂಗ್ ಜಾಗವನ್ನೂ ಹೊಗಳ್ತಾರೆ. ಆದ್ರೆ ಗಡಿಯಾರದವರೂ ಹೊಗಳಿದಾರೆ. ಅವರು ಅಳೆಯದೆ ಒಂದು ಮಾತೂ ಆಡೋರಲ್ಲ."

"ಅಂದ್ರೆ?"

"ಅಂದ್ರೆ ಇಬ್ಬರೂ ನಿಜಾನೇ ಹೇಳ್ತಿದ್ರೆ?"

ಮಾತು ಬಾಯಿಂದ ಬಿದ್ದ ಮೇಲೆ ನನಗೇ ಕುತೂಹಲ ಹಿಡಿಯಿತು. ಇಬ್ಬರು ನಂಬಿಕಸ್ಥರು ಒಂದೇ ವಸ್ತುವನ್ನು ಎರಡು ಬಗೆಯಾಗಿ ಹೇಳುವುದು ಹೇಗೆ? ಬೂಟು ದಪ್ಪವಿತ್ತೇ ಎಂದು ಹುಡುಕಿದೆವು. ಎಲ್ಲರಿಗೂ ತೆಳು ಬೂಟನ್ನು ನಾವೇ ಕೊಟ್ಟಿದ್ದೆವು. ಐದು ಕಾರುಗಳಲ್ಲಿ ಯಾವುದೋ ಒಂದೆರಡು ಕೆಟ್ಟಿದ್ದವೇ ಎಂದು, ಕಾರಿನ ಬಣ್ಣದ ಬಗ್ಗೆ ಬರೆದ ಸಾಲುಗಳ ಕವರು ತೆಗೆದೆ. ಬೂದು ಬಣ್ಣದ ಕಾರನ್ನು ಬೆನ್ನುನೋವಿನವರೂ ಓಡಿಸಿದ್ದರು, ಗಡಿಯಾರದವರೂ ಓಡಿಸಿದ್ದರು. ಅದೇ ಕಾರು, ಅದೇ ಪೆಡಲು. ಒಬ್ಬರಿಗೆ ಹಲಗೆ, ಇನ್ನೊಬ್ಬರಿಗೆ ಬೆಣ್ಣೆ.

ಮೈದುನ ಬೆರಳಿನಿಂದ ಮೇಜು ಕುಟ್ಟುತ್ತಾ ಕೇಳಿದ: "ಮೊದಲು ಓಡಿಸಿದ್ದು ಯಾರು?"

ಪತ್ರಕರ್ತರು ಬಂದ ದಿನ ಎಂಜಿನಿಯರುಗಳು ಟ್ರ್ಯಾಕಿನ ಹತ್ತಿರ ಸುಳಿಯಬಾರದೆಂದು ಅಪ್ಪಣೆ ಇತ್ತು. ಹಾಗಾಗಿ ಯಾರು ಯಾವಾಗ ಓಡಿಸಿದರೆಂದು ಅವನಿಗೆ ಗೊತ್ತಿಲ್ಲ. ನನ್ನ ಹತ್ತಿರ ಎಂಜಿನ್ ಕವರಿದೆ, ಟಯರ್ ಕವರಿದೆ, ಕನ್ನಡಿಗಳಿಗೂ ಒಂದು ಕವರಿದೆ. 'ಯಾವಾಗ' ಎಂಬುದಕ್ಕೆ ಮಾತ್ರ ಕವರೇ ಇಲ್ಲ.

ಇಬ್ಬರೂ ಒಟ್ಟಿಗೆ ಬುಟ್ಟಿಯ ಕಡೆ ನೋಡಿದೆವು. ಅದನ್ನು ಖಾಲಿ ಮಾಡುವುದು ಶುಕ್ರವಾರ.

ನೆಲದ ಮೇಲೆ ಸುರಿದುಕೊಂಡು ಕೂತೆವು. ಕತ್ತರಿಸಿದ ಅಂಚಿಗೆ ಅಂಚು ಕೂಡಿಸಿ, ಯಾವ ಚೂರು ಯಾರದೆಂದು ಹೊಂದಿಸಿದೆವು. ಬೆನ್ನುನೋವಿನವರ ಚೂರಿನಲ್ಲಿ 'ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ' ಎಂದಿತ್ತು. ಬೈದ ಇನ್ನೊಬ್ಬರಿಗೆ, ಕೈಯಲ್ಲಿದ್ದ ಕಾಫಿ ಮುಗಿಸಲೂ ಬಿಡದೆ ಹೆಲ್ಮೆಟ್ ತೊಡಿಸಿದ್ದರಂತೆ. ಗಡಿಯಾರದವರು ಊಟವಾಗಿ ನಲವತ್ತು ನಿಮಿಷಕ್ಕೆ ಕಾರು ಹತ್ತಿದ್ದರು. ಕವಿಗಳಿಗೆ ಇಳಿಬಿಸಿಲು ಕಣ್ಣಿಗೆ ಹೊಡೆದು ಅರ್ಧ ಪುಟ ಅದರ ಮೇಲೇ ಹೋಗಿತ್ತು. ಹನ್ನೊಂದೂ ಕೂಡಿದಾಗ ಒಂದೂ ತಪ್ಪಲಿಲ್ಲ: ಬೆಳಿಗ್ಗೆ ಓಡಿಸಿದ ಐವರೂ ಬೈದಿದ್ದರು, ಊಟದ ಮೇಲೆ ಓಡಿಸಿದ ಆರು ಜನವೂ ಹೊಗಳಿದ್ದರು.

ನನಗೆ ನಾಚಿಕೆಯಾಯಿತು. ಹದಿನಾಲ್ಕು ವರ್ಷದಿಂದ ಕಸವೆಂದು ಎಸೆದದ್ದರಲ್ಲಿ ಇನ್ನೂ ಏನೇನು ಹೋಗಿದೆಯೋ ಯಾರಿಗೆ ಗೊತ್ತು? ಮೈದುನ ಮಾತ್ರ ಬೇರೇನೋ ಯೋಚಿಸುತ್ತಿದ್ದ. ಅವನ ಮುಖದ ಬಣ್ಣ ಇಳಿದಿತ್ತು.

"ಬೆಳಿಗ್ಗೆ ಏನ್ ಬೇರೆ ಇರುತ್ತೋ?" ಎಂದೆ.

"ಪೆಡಲ್ ಒತ್ತಿದ ತಕ್ಷಣ ಚಕ್ರದ ಡಿಸ್ಕ್ ಬ್ರೇಕ್ ಹಿಡಿಯಲ್ಲ ಅತ್ತಿಗೆ. ಮೊದಲು ಮೋಟರು ಚಕ್ರಾನ ನಿಧಾನ ಮಾಡುತ್ತೆ. ಆ ಓಟಾನ ಕರೆಂಟ್ ಮಾಡಿ ಬ್ಯಾಟರಿಗೆ ಕಳಿಸುತ್ತೆ. ಇನ್ನೂ ಒತ್ತಿದ್ರೆ ಆಮೇಲೆ ಡಿಸ್ಕು. ನಿದ್ದೆ ಮಾಡ್ತಿರೋ ಮಗೂನ ಒಬ್ಬರು ಇನ್ನೊಬ್ಬರ ಕೈಗೆ ಕೊಡ್ತಾರಲ್ಲ, ಹಾಗೆ. ಮಗು ಏಳಬಾರದು. ನನ್ನ ಕೆಲಸ ಅಷ್ಟೇ."

"ಮತ್ತೆ ಬೆಳಿಗ್ಗೆ ಮಗು ಯಾಕೆ ಎದ್ದಿತು?"

ಅವನು ಎದ್ದು ಚಾರ್ಜಿಂಗ್ ಕೋಣೆಯ ಕಡೆ ಹೊರಟ. ನಾನೂ ಹಿಂದೆಯೇ ಓಡಿದೆ.

ಚಾರ್ಜಿಂಗ್ ಕೋಣೆಯಲ್ಲಿ ಐದು ಕೇಬಲ್ಲುಗಳು ಸಾಲಾಗಿ ಕೊಕ್ಕೆಗೆ ನೇತುಬಿದ್ದಿದ್ದವು. ಗೋಡೆಯ ಮೇಲೆ ಮೈದುನನ ಕೈಬರಹದ ಚೀಟಿ: 'ನೂರಕ್ಕೆ ಎಂಬತ್ತೈದು ಮಾತ್ರ.' ಅಲ್ಲಿನ ಕೆಲಸ ನೋಡಿಕೊಳ್ಳುವ ಅಕ್ಕ ಕೈಗವಸು ಕಳಚುತ್ತಾ ನಮ್ಮನ್ನು ನೋಡಿದರು.

"ಪತ್ರಕರ್ತರು ಬಂದ ದಿನ ಎಷ್ಟಕ್ಕೆ ನಿಲ್ಲಿಸಿದ್ರಿ?" ಎಂದು ಅವನು ಕೇಳಿದ.

"ನೂರಕ್ಕೆ ನೂರು."

"ಚೀಟಿ ಅಂಟಿಸಿದೀನಲ್ಲ!"

"ಚೀಟಿ ನಿಮ್ಮದು, ಸರಿ. ಹಿಂದಿನ ದಿನ ಬಂದು, ನಾಳೆ ನೆಂಟರು ಬರ್ತಾರೆ, ಪೂರ್ತಿ ತುಂಬಿಸಿಬಿಡಿ ಅಂದೋರೂ ನೀವೇ ಅಲ್ವಾ ಸರ್?"

ಅವನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದ. ನನಗೆ ನಗುವೂ ಬಂತು, ಅಳುವೂ ಬಂತು. ನಮ್ಮ ಅತ್ತೆಯವರು ಮನೆಗೆ ಯಾರೇ ಬರಲಿ, ಲೋಟವನ್ನು ಅಂಚಿನವರೆಗೆ ತುಂಬಿಸಿಯೇ ಕೊಡುತ್ತಿದ್ದರು. ಬಂದವರು ಅಂಗಿಯ ಮೇಲೆ ಚೆಲ್ಲಿಕೊಂಡೇ ಕುಡಿಯಬೇಕಿತ್ತು. ಮಗನಿಗೂ ಅದೇ ಬುದ್ಧಿ. ತುಂಬಿದ ಬ್ಯಾಟರಿಗೆ ಮತ್ತೆ ಕರೆಂಟ್ ಹಾಕಲು ಜಾಗವೆಲ್ಲಿ? ಮೋಟರು ಕೈ ಚೆಲ್ಲಿತ್ತು, ಡಿಸ್ಕು ಒಮ್ಮೆಗೇ ಹಿಡಿದಿತ್ತು, ಬೆಳಗಿನ ಐವರಿಗೆ ಹಲಗೆ ಸಿಕ್ಕಿತ್ತು. ಅವರು ಸುತ್ತು ಹೊಡೆದು ಹೊಡೆದು ಬ್ಯಾಟರಿ ಇಳಿದ ಮೇಲೆ, ಮಧ್ಯಾಹ್ನದವರಿಗೆ ಎಲ್ಲ ಸರಿಯಾಗಿತ್ತು.

"ಬಚಾವಾದೆ ಕಣೋ!" ಎಂದೆ ಹಿಂತಿರುಗುವಾಗ. "ನಾಳೆ ಇದನ್ನೇ ಹೇಳು. ಪೆಡಲ್ ಸರಿ, ತುಂಬಿಸಿದ್ದು ಜಾಸ್ತಿ ಆಯ್ತು ಅಂತ. ಆ ಐದು ವಿಮರ್ಶೆ ಲೆಕ್ಕಕ್ಕೇ ಇಲ್ಲ."

"ಹೂಂ," ಎಂದ. ಆ 'ಹೂಂ' ನನಗೆ ಹಿಡಿಸಲಿಲ್ಲ.

ಗುರುವಾರ ಮೂರು ಗಂಟೆಗೆ ನಾನು ಚೂರುಗಳನ್ನೆಲ್ಲ ದೊಡ್ಡ ಹಾಳೆಯ ಮೇಲೆ ಅಂಟಿಸಿಕೊಂಡು ಸಭೆಗೆ ಹೋದೆ. ಎಡಕ್ಕೆ ಬೆಳಿಗ್ಗೆ, ಬಲಕ್ಕೆ ಮಧ್ಯಾಹ್ನ. ದೊಡ್ಡ ಸಾಹೇಬರು ಕನ್ನಡಕ ಏರಿಸಿ, ಇಬ್ಬನಿಯಿಂದ ಹಿಡಿದು ಇಳಿಬಿಸಿಲಿನವರೆಗೆ ಒಂದನ್ನೂ ಬಿಡದೆ ಓದಿದರು. ಮೈದುನ ಬ್ಯಾಟರಿಯ ವಿಷಯ ವಿವರಿಸಿದ.

"ಅಂದ್ರೆ ಪೆಡಲಿನ ತಪ್ಪಲ್ಲ, ಚಾರ್ಜಿಂಗ್‌ನವರ ತಪ್ಪು," ಎಂದರು ಸಾಹೇಬರು. "ಅಲ್ವಾ?"

ಹೌದು ಅಂದುಬಿಡು ಎಂದು ನಾನು ಕಣ್ಣಲ್ಲೇ ಹೇಳಿದೆ. ಒಂದು 'ಹೌದು' ಸಾಕಿತ್ತು, ಮೂರು ವರ್ಷದ ದುಡಿಮೆ ಉಳಿಯುತ್ತಿತ್ತು.

"ಇಲ್ಲ ಸರ್," ಎಂದ. "ತುಂಬಿಸಿ ಅಂದಿದ್ದು ನಾನು. ಆದ್ರೆ ತಪ್ಪು ಅದೂ ಅಲ್ಲ. ಕಾರು ಕೊಂಡವರು ರಾತ್ರಿ ಚಾರ್ಜಿಗೆ ಹಾಕಿ ಮಲಗ್ತಾರೆ. ಬೆಳಿಗ್ಗೆ ತುಂಬಿರೋ ಕಾರನ್ನೇ ಹತ್ತುತ್ತಾರೆ. ಅವರ ಮನೆ ಗೋಡೆ ಮೇಲೆ ನನ್ನ ಚೀಟಿ ಇರಲ್ಲ. ಮೂರು ವರ್ಷ ನಾನು ಎಂಬತ್ತೈದರಲ್ಲೇ ಹದ ಮಾಡಿದೆ. ತುಂಬಿದಾಗ ಕಾಲಿಗೆ ಹೇಗಿರುತ್ತೆ ಅಂತ ಸರಿಯಾಗಿ ಒಂದು ದಿನಾನೂ ನೋಡಲಿಲ್ಲ. ಬೈದೋರು ಹೇಳಿದ್ದೇ ಸರಿ."

ನನಗೆ ಅವನ ಕಿವಿ ಹಿಂಡಬೇಕೆನಿಸಿತು. ಜೊತೆಗೆ, ಇವನು ನಮ್ಮ ಮನೆಯವನು ಎಂದು ಕೂಗಿ ಹೇಳಬೇಕೆಂದೂ ಅನಿಸಿತು. ಸಾಹೇಬರು ಹಾಳೆಯನ್ನು ನಿಧಾನವಾಗಿ ಮಡಚಿದರು.

"ಎಷ್ಟು ದಿನ ಬೇಕು?"

"ಹತ್ತು ವಾರ."

"ಹನ್ನೊಂದನೇ ವಾರ ಅವರನ್ನೇ ಮತ್ತೆ ಕರೆಸ್ತೀನಿ. ಪೂರ್ತಿ ತುಂಬಿಸಿ ಕೊಡ್ತೀನಿ. ಆಗಲೂ ಹಲಗೆ ಅಂದ್ರೆ ಹೊರಗಿನ ಪೆಡಲೇ ಬರುತ್ತೆ."

ಆ ಹತ್ತು ವಾರ ಅವನು ಮನುಷ್ಯನಂತಿರಲಿಲ್ಲ. ಬೆಳಗಾಗುವ ಮೊದಲೇ ಟ್ರ್ಯಾಕಿಗೆ ಹೋಗುತ್ತಿದ್ದ. ಓಡಿಸುತ್ತಾ ಹೋದಂತೆ ತುಂಬಿದ ಬ್ಯಾಟರಿ ಇಳಿಯುವುದರಿಂದ, ಮತ್ತೆ ತುಂಬಿಸಿಕೊಂಡು ಮತ್ತೆ ಹೊರಡುತ್ತಿದ್ದ. ಮೋಟರು ಕೈ ಚೆಲ್ಲಿದ ಹೊತ್ತಿನಲ್ಲಿ ಡಿಸ್ಕು ಮೆಲ್ಲಗೆ ಹಿಡಿಯಲು ಕಲಿಯಬೇಕಿತ್ತಂತೆ. ಊಟದ ಮೇಜಿನ ಕೆಳಗೆ ಅವನ ಬಲಗಾಲು ಕುಣಿಯುತ್ತಿತ್ತು. ನನ್ನ ವಾರಗಿತ್ತಿ ಬೇಸತ್ತು ಹಾಸಿಗೆಯನ್ನೇ ಬೇರೆ ಮಾಡಿದಳು.

ಮತ್ತೆ ಹನ್ನೊಂದು ಜನ ಬಂದರು, ಓಡಿಸಿದರು, ಹೋದರು. ಸೋಮವಾರ ಬೆಳಿಗ್ಗೆ ಹನ್ನೊಂದು ವಿಮರ್ಶೆ ನನ್ನ ಮೇಜಿಗೆ ಬಂದವು. ಈ ಸಲ 'ಯಾವಾಗ' ಎಂದು ಹೊಸ ಕವರು ಬರೆದಿಟ್ಟುಕೊಂಡು ಕತ್ತರಿ ಎತ್ತಿದೆ. ಸೀಟಿನ ಕವರು ಮತ್ತೆ ತುಂಬಿತು. ಬೆನ್ನುನೋವಿನವರು ಈ ಬಾರಿ ಸೊಂಟದ ವಿಷಯವನ್ನೂ ಸೇರಿಸಿದ್ದರು. ಇಬ್ಬನಿ, ಕಾಫಿ, ಬಿಸಿಲು ಎಲ್ಲವೂ ಅದರದರ ಜಾಗಕ್ಕೆ ಹೋದವು. ಹನ್ನೊಂದನ್ನೂ ಎರಡು ಸಲ ಓದಿದೆ. ನಂಬದೆ ಮೂರನೇ ಸಲವೂ ಓದಿದೆ.

ಹನ್ನೆರಡಕ್ಕೆ ಮೈದುನ ಬಂದು ಬಾಗಿಲಲ್ಲೇ ನಿಂತ. ಒಳಗೆ ಕಾಲಿಡಲು ಅವನಿಗೆ ಧೈರ್ಯವಿರಲಿಲ್ಲ.

"ಎಷ್ಟು ಜನ ಬೈದಿದಾರೆ?"

"ಯಾರೂ ಇಲ್ಲ."

"ಹೊಗಳಿದೋರು?"

"ಅವರೂ ಇಲ್ಲ."

ಪೆಡಲ್ ಕವರನ್ನು ಅವನ ಕೈಗೆ ಕೊಟ್ಟೆ. ಬಿಚ್ಚಿ ಒಳಗೆ ನೋಡಿದ. ನಂಬದೆ ತಲೆಕೆಳಗು ಮಾಡಿ ಕೊಡವಿದ. ಒಂದು ಚೂರೂ ಬೀಳಲಿಲ್ಲ. ಪೆಡಲ್ ಎಂಬುದೊಂದು ಆ ಕಾರಿನಲ್ಲಿತ್ತೆಂಬ ನೆನಪೇ ಯಾರಿಗೂ ಇರಲಿಲ್ಲ.

"ಮಗು ಏಳಲಿಲ್ಲ ಕಣೋ," ಎಂದೆ.

ಅವನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಆಮೇಲೆ, "ಅತ್ತಿಗೆ, ಈ ಕವರು ಇವತ್ತೊಂದಿನ ಮನೆಗೆ ತಗೊಂಡು ಹೋಗಲಾ? ಅವಳಿಗೆ ತೋರಿಸಬೇಕು," ಎಂದ.

ಕಚೇರಿಯ ಕವರು ಹೊರಗೆ ಹೋಗುವ ಹಾಗಿಲ್ಲ. ರಿಜಿಸ್ಟರು ತೆಗೆದು, 'ಪೆಡಲ್, ಖಾಲಿ, ಒಂದು ದಿನಕ್ಕೆ' ಎಂದು ಬರೆದು ಅವನಿಂದ ಸಹಿ ಹಾಕಿಸಿಕೊಂಡೆ.